ಸಂತಪುರದ ಮೇಲಿಂದ ಸಿಂಗಾಪುರಕ್ಕೆ

ಹತ್ತಿರದ ಊರಿಗೆ ಹೊತ್ತಿಗೆ ಸರಿಯಾಗಿ ಮುಟ್ಟದವನಿಗೇ ದೂರದ ಊರುಗಳ ಹುಚ್ಚು ಹೆಚ್ಚು. ಬೇರೆಯವರ ಮಾತು ಬಿಡಿ, ನನ್ನದನ್ನೇ ಹೇಳುತ್ತೇನೆ. ಭಾಲ್ಕಿಯ ಶಾಲೆಯಲ್ಲಿ ನಾನು ಕೂತದ್ದು ಎರಡೇ ವರ್ಷ. ಕಲಿತ ಲೆಕ್ಕ ಮರೆತುಹೋಗಿದೆ. ಗೋಡೆಯ ಮೇಲಿದ್ದ ನಕಾಶೆ ಮಾತ್ರ ಕಣ್ಣಿಂದ ಇಳಿದಿಲ್ಲ. ಆ ನಕಾಶೆಯೇ ಈ ಶ್ರಾವಣದಲ್ಲಿ ನನ್ನ ತಂಗಿ ನಾಗಮ್ಮನಿಗೆ ಮುಳುವಾಯಿತು.

ಅವಳನ್ನು ಕೊಟ್ಟದ್ದು ಔರಾದದ ಆಚೆ, ಚಿಂತಾಕಿಗೆ. ಪಂಚಮಿಗೆ ಅಣ್ಣ ಹೋಗಿ ಕರೆತಂದರೆ ತಿಂಗಳೊಪ್ಪತ್ತು ತವರಿನಲ್ಲಿರಬಹುದು. ವರ್ಷವಿಡೀ ಅವಳು ಕಾಯುವುದು ಅದೊಂದಕ್ಕೇ. ಬೀದರಿನ ಮೈಲೂರಿನಿಂದ ಗಾಡಿ ಹೂಡಿದಾಗ ಅವ್ವ ಬೀಗತಿಗೆಂದು ಪಂಚಮಿಯ ಎಳ್ಳುಂಡಿಯ ಗಂಟು ಕೈಗಿಟ್ಟು, "ಹಾದ್ಯಾಗ ಮಾತಿಗೆ ನಿಂದರಬ್ಯಾಡ ನೋಡಪಾ" ಎಂದಿದ್ದಳು.

ಸಂತಪುರದಲ್ಲಿ ನಿಂತದ್ದು ಎತ್ತುಗಳಿಗೆ ನೀರು ಕುಡಿಸಲು, ಆಣೆಗೂ. ಬೇವಿನ ಕಟ್ಟೆಯ ಮೇಲೆ ಅಂಗಡಿಯವನೊಬ್ಬ ಉರ್ದು ಪತ್ರಿಕೆ ಓದಿ ಹೇಳುತ್ತಿದ್ದ: ಬಗದಾದಿನಲ್ಲಿ ಏರಿದ ಹೊಸ ಟಪಾಲು ವಿಮಾನ ಊರೂರಿಗೆ ಇಳಿಯುತ್ತ ವಾರ ತುಂಬುವುದರೊಳಗೆ ಸಿಂಗಾಪುರದಲ್ಲಿ ಇಳಿಯುತ್ತದಂತೆ! ನನ್ನ ಮೈ ಜುಮ್ಮೆಂದಿತು. ಸಾವಿರಾರು ಮೈಲಿ! ಮರಳುಗಾಡು, ಗಂಗೆ, ಬರ್ಮಾದ ಕಾಡು, ಎಲ್ಲವೂ ಕಾಲ ಕೆಳಗೆ ಸರಿದು ಹೋಗುವುದೆಂದರೆ! "ಅವೆಲ್ಲ ಎಲ್ಲಿ ಬರ್ತಾವೋ ತಮ್ಮಾ?" ಎಂದ ಮುದುಕನೊಬ್ಬ. ಕೇಳಬಾರದಿತ್ತು. ನಾನು ಗಂಟು ಬಿಚ್ಚಿ ಉಂಡಿ ಸಾಲಾಗಿ ಇಟ್ಟೆ: ಬಗದಾದ, ಕರಾಚಿ, ದಿಲ್ಲಿ, ಕಲಕತ್ತೆ, ರಂಗೂನು, ಸಿಂಗಾಪುರ. ಬೇವಿನೆಲೆಯನ್ನು ವಿಮಾನ ಮಾಡಿ ಹಾರಿಸಿದೆ. ಕರಾಚಿ ಮುಟ್ಟುತ್ತಲೇ ಮುದುಕ ಬಗದಾದನ್ನು ಬಾಯಿಗೆ ಹಾಕಿಕೊಂಡ.

"ಯಜ್ಜಾ, ಬೀಗರ ಉಂಡಿ ಅದು!"

"ದಾಟಿ ಬಂದ ಊರು ಇಟಗೊಂಡು ಏನ ಮಾಡ್ತಿಯೋ?"

ಜನ ಸೇರಿದರು. "ನಾವ ನೋಡಿಲ್ರಿ, ಮೊದಲಿಂದ ಹಾರಸ್ರಿ." ಹಾರಿಸಿದೆ. ಮತ್ತೆ ಬಗದಾದ, ಮತ್ತೆ ಕರಾಚಿ. ಹೊತ್ತು ಇಳಿದಾಗ ಗಂಟಿನಲ್ಲಿ ಉಳಿದದ್ದು ಸಿಂಗಾಪುರವೊಂದೇ.

ಚಿಂತಾಕಿಯಲ್ಲಿ ನಾಗಮ್ಮ ಹೊಸ ಬಳೆ ತೊಟ್ಟು ಹೊಸ್ತಿಲಲ್ಲೇ ಕೂತಿದ್ದಳು. ಅವಳ ಅತ್ತೆ ಒಂದೇ ಉಂಡಿಯ ಗಂಟನ್ನು ನೋಡಿ ಹುಬ್ಬೇರಿಸಿದಾಗ ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ವಿಮಾನ ಮತ್ತೆ ಏರಿತು. ಆ ತಾಯಿ ಸಿಟ್ಟು ಮರೆತು ಆಕಾಶ ನೋಡಿದಳು.

"ಯವ್ವಾ! ಖರೇನ ವಾರದಾಗ ಮುಟ್ಟತದಾ?"

"ಖರೇನ್ರಿ."

"ಹಂಗಾದ್ರ ಬೀದರ ಯಾವ ದೊಡ್ಡ ದೂರ? ವಾರದಾಗ ನನ್ನ ಸೊಸೀನ ಹೊಳ್ಳಿ ತಂದು ಬಿಡ್ರಿ."

ತಿಂಗಳು ವಾರವಾಯಿತು. ಔರಾದ ದಾಟಿದ ಮೇಲೆ ಗಾಡಿಯಲ್ಲಿ ನಾಗಮ್ಮ ಮೆಲ್ಲಗೆ ಕೇಳಿದಳು: "ಅಣ್ಣಾ, ಅಷ್ಟ ಎತ್ತರದಿಂದ ನಮ್ಮ ಮನಿ ಕಾಣ್ತದೇನು?"

ವಾರ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ಅವಳನ್ನು ಬಿಡಲು ಹೊರಟಾಗ ಅವ್ವ ಮತ್ತೆ ಉಂಡಿ ಕಟ್ಟಿದಳು. ಈ ಸಲ ಎತ್ತುಗಳಿಗೆ ನಾನು ಬಾರುಕೋಲು ತೋರಿಸಲಿಲ್ಲ. ಸಂತಪುರದ ಕಟ್ಟೆಯಿಂದ "ವಿಮಾನದವ ಬಂದಾನ್ರೋ!" ಎಂದು ಕೂಗಿದರು. ತಲೆ ತಗ್ಗಿಸಿ ಮುಂದೆ ಹೋಗಬೇಕೆಂದಿದ್ದೆ. ಆದರೆ ನಾಗಮ್ಮ ಅದಾಗಲೇ ಕೆಳಗಿಳಿದು ಗಂಟು ಬಿಚ್ಚುತ್ತಿದ್ದಳು.

"ಅವಸರ ಮಾಡಬ್ಯಾಡ ಅಣ್ಣಾ," ಎಂದಳು. "ಎಲ್ಲಾ ಊರಾಗ ಇಳಸಿ ಇಳಸಿ ಹಾರಸು."