ಜ್ಯೂರಿಯಲ್ಲಿ ದೂಮಪ್ಪ

ದೂಮಪ್ಪನ ಅನಾಹುತಕ್ಕೆಲ್ಲ ಕಾರಣ ಒಂದು ವಾಟ್ಸ್ಯಾಪ್ ಸಂದೇಶ. ಮಸ್ಕತ್ತಿನ ಕನ್ನಡ ಬಳಗದವರು ಆ ಶುಕ್ರವಾರ ಸಂಜೆ ಖುರುಮ್‌ನ ಸಭಾಂಗಣವೊಂದರಲ್ಲಿ ಅಣಕು ವಿಚಾರಣೆ ಇಟ್ಟುಕೊಂಡಿದ್ದರು. ಕಳ್ಳತನದ ಕೇಸು, ಇಂಗ್ಲಿಷ್ ಸಿನಿಮಾದಲ್ಲಿರುವಂತೆ ಜ್ಯೂರಿ. ವರ್ಷಗಟ್ಟಲೆ ಬೇರೆಯವರಿಗೆ ಕುರ್ಚಿ ಜೋಡಿಸಿ ಸುಸ್ತಾಗಿದ್ದ ದೂಮಪ್ಪನಿಗೆ ಮೊದಲ ಸಲ ಜ್ಯೂರಿಯಲ್ಲೊಬ್ಬನಾಗಿ ವೇದಿಕೆಯ ಮೇಲೆ ಕೂರುವ ಯೋಗ ಬಂದಿತ್ತು. ನ್ಯಾಯಾಧೀಶರ ಪಾತ್ರದ ಸಚ್ಚಿದಾನಂದರು ಬೆಳಿಗ್ಗೆಯೇ ವಾಟ್ಸ್ಯಾಪಿನಲ್ಲಿ ಕಟ್ಟಪ್ಪಣೆ ಕಳಿಸಿದ್ದರು: ಜ್ಯೂರಿಯವರು ಕೇಸಿನ ವಿಷಯ ಯಾರೊಡನೆಯೂ ಮಾತಾಡಬಾರದು, ಯಾರು ಹೇಳಿದರೂ ಕೇಳಬಾರದು, ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು. ತಪ್ಪಿದರೆ ಕುರ್ಚಿ ಹೋಯಿತು!

"ಇಲ್ಲಿ ಕೇಳಿ, ಸಂಜೆಯ ಕೇಸಿಗೆ..." ಎನ್ನುತ್ತ ಹೆಂಡತಿ ವಿನೋದಾ ಫೋನ್ ಹಿಡಿದು ಬಂದಳು.

"ಕೇಸಿನ ಸುದ್ದಿ ಎತ್ಬೇಡ ಮಾರಾಯ್ತಿ!"

"ಒಂದೇ ಮಾತು. ಅವರಿಗೆ ನಾನು ಎಂತ ಹೇಳುದು?"

"ನಿಂಗೆ ಬೇಕಾದ್ದು ಹೇಳು. ನನ್ನ ಹತ್ರ ಕೇಳ್ಬೇಡ, ಖಲಾಸ್!"

ವಿನೋದಾ ಮುಖ ಊದಿಸಿಕೊಂಡು ಹೋದಳು. ಮಧ್ಯಾಹ್ನ ಅಡುಗೆಯನ್ನೂ ಮಾಡದೆ ಸೀರೆ ಬ್ಯಾಗಿಗೆ ತುರುಕಿ ಹೊರಟೇಬಿಟ್ಟಳು.

ಹಸಿದ ದೂಮಪ್ಪ ಕೆಳಗಿಳಿಯಲು ಲಿಫ್ಟ್ ಹತ್ತಿದರೆ ಅಲ್ಲಿ ಪಕ್ಕದ ಮನೆಯ ಧಾರವಾಡದ ಶೇಖಪ್ಪ.

"ಏನ್ರೀ ದೂಮಪ್ಪನವರ, ನಿಮ್ಮ ಮನಿಯವ್ರು ಕೇಸಿನಾಗ..."

ದೂಮಪ್ಪ ಮುಂದಿನ ಮಹಡಿಯಲ್ಲೇ ಹೊರಗೆ ಹಾರಿ, ಬೆವರು ಸುರಿಸುತ್ತ ಮೆಟ್ಟಿಲಿಳಿದ.

ಕೆಳಗಿನ ಹೋಟೆಲಿನ ಮೊಯ್ದು ಪರೋಟ ಮುಂದಿಟ್ಟು, "ದೂಮಪ್ಪಣ್ಣ, ಇವತ್ತು ದುಡ್ಡು ಬೇಡ. ಅಕ್ಕ ಸಂಜೆ..." ಎಂದ.

"ಲಂಚವಾ? ಬೇಡವೇ ಬೇಡ!"

ಬಿಸಿ ಪರೋಟ ಬಿಟ್ಟು ಬರುವಾಗ ಅವನಿಗೆ ಅಳುವೇ ಬಂತು. ಸಭಾಂಗಣದ ಹೊರಗೆ ಕಾರಿನ ಗಾಜು ಏರಿಸಿಕೊಂಡು, ಉಪ್ಪಿನಕಾಯಿ ಭರಣಿಯೊಳಗಿನ ಮಾವಿನಮಿಡಿಯಂತೆ ಸಂಜೆಯವರೆಗೂ ಕೂತ.

ಅಂತೂ ವೇದಿಕೆ ಹತ್ತಿದ. ಕುರ್ಚಿ ಮೆತ್ತಗಿತ್ತು. ಸಚ್ಚಿದಾನಂದರು ಮೇಜು ಕುಟ್ಟಿದರು.

"ಹಲಸಿನ ಹಪ್ಪಳ ಕದ್ದ ಆರೋಪಿಯನ್ನು ಕರೆತನ್ನಿ!"

ಕೈಗೆ ಹಗ್ಗ ಬಿಗಿಸಿಕೊಂಡು ಬಂದವಳು ವಿನೋದಾ. ಸಭೆ ಗೊಳ್ಳೆಂದಿತು.

"ಆರೋಪಿಯ ಗಂಡ ಜ್ಯೂರಿಯಲ್ಲಿ ಇರುವಂತಿಲ್ಲ. ಮೊದಲೇ ಹೇಳುವುದಲ್ಲವೇ?" ಸಚ್ಚಿದಾನಂದರು ಗದರಿದರು.

"ನಂಗೆ ಗೊತ್ತೇ ಇರ್ಲಿಲ್ಲ ಸರ್!"

"ಒಂದೇ ಮನೆಯಲ್ಲಿದ್ದೂ? ಏಳಿ, ಏಳಿ."

ಬಿಟ್ಟ ಕುರ್ಚಿಗೆ ಶೇಖಪ್ಪ ಬಂದು ಕೂತ. ವೇದಿಕೆ ಇಳಿಯುವಾಗ ಎದುರಾದ ಹೆಂಡತಿಯತ್ತ ದೂಮಪ್ಪ ಹಲ್ಲು ಕಡಿದ: "ನಿಂಗೆ ಇದೇ ಪಾರ್ಟು ಬೇಕಿತ್ತಾ?"

"ಆರೋಪಿ ಆಗ್ಬೇಕಿದ್ದ ಹುಡುಗಿಗೆ ಜ್ವರ, ನೀವು ಬನ್ನಿ ಅಂತ ಬೆಳಿಗ್ಗೆ ಫೋನ್ ಬಂತು. ನಾನು ಒಪ್ಪಿದ್ರೆ ನಿಮ್ಮ ಕುರ್ಚಿ ಹೋಗ್ತದಲ್ಲ, ಆಗುದಿಲ್ಲ ಅಂತ ಹೇಳ್ಲಾ ಅಂತ ಕೇಳ್ಲಿಕ್ಕೇ ಬಂದದ್ದು," ಎಂದಳು ವಿನೋದಾ. "ನಿಂಗೆ ಬೇಕಾದ್ದು ಹೇಳು ಅಂದ್ರಿ. ಹೂಂ ಅಂದೆ."