ಅರಗು ಹಾಕಿದ ಕಾವಲಿಯ ಬಿಡುಗಡೆ ಮತ್ತು ನಾಲ್ಕಾಗಿ ಮಡಿಸಿದ ಕ್ರೇಪ್‌ನ ಸಾಗಣೆಯ ಬಗ್ಗೆ

ಕಚೇರಿ ಅಧೀಕ್ಷಕಿಯವರ ಕಾರ್ಯಾಲಯ
ಎರಡನೇ ಮಹಡಿ, ನೀರಿನ ಫಿಲ್ಟರಿನ ಪಕ್ಕ

ಸಂಖ್ಯೆ: ಆಡಳಿತ/ಕ್ಯಾಂಟೀನ್/ಕಾವಲಿ/17/ತಿದ್ದುಪಡಿ-3
ದಿನಾಂಕ: ಕಾವಲಿ ಜಪ್ತಿಯಾದ ಹನ್ನೊಂದನೇ ದಿನ, ಊಟದ ಬಿಡುವಿಗೆ ಮುಂಚೆ

ವಿಷಯ: ಸಕ್ಕರೆ ಕಾಯಿಲೆಯುಳ್ಳ ಸಿಬ್ಬಂದಿಗಾಗಿ ಪಿಷ್ಟ ಕಡಿಮೆ ಇರುವ ಕ್ರೇಪ್ (ದೋಸೆಯಂತೆ ತೆಳ್ಳಗೆ ಹುಯ್ಯುವ ವಿದೇಶಿ ತಿಂಡಿ) ತಯಾರಿಸುವುದು, ಅದರೊಳಗೆ ಸಿಹಿ ಅಥವಾ ಖಾರದ ಹೂರಣ ತುಂಬುವುದು, ಮತ್ತು ಅದು ತಲುಪಬೇಕಾದವರನ್ನು ತಲುಪುವವರೆಗೆ ಉಳಿದವರು ಬಾಯಿ ಮುಚ್ಚಿಕೊಂಡಿರುವುದರ ಬಗ್ಗೆ.

ಉಲ್ಲೇಖ:
(ಅ) ಆರೋಗ್ಯ ತಪಾಸಣೆಯ ವರದಿ. ಬೆಳಿಗ್ಗೆ ಸೀಲು ಮಾಡಿದ ಲಕೋಟೆಯಲ್ಲಿ ಬಂದು, ಸಂಜೆಯೊಳಗೆ ಎಲ್ಲರಿಗೂ ಬಾಯಿಪಾಠವಾದದ್ದು.
(ಆ) ಕಚೇರಿಯ ಮುಖ್ಯಸ್ಥರ ಮೌಖಿಕ ಆದೇಶ: "ಮೊದ್ಲು ಆ ಕಾವಲಿ ಎತ್ತಿಡಿ!"
(ಇ) ಕ್ಯಾಂಟೀನಿನ ಚಿಕ್ಕಮ್ಮನವರ ಮನವಿ. ಇದೂ ಮೌಖಿಕ. ಮೆಟ್ಟಿಲ ಬಳಿ ನಿಂತು, ಮೂರೂ ಮಹಡಿಗೆ ಕೇಳಿಸುವಂತೆ ಸಲ್ಲಿಸಿದ್ದು.

ಪೀಠಿಕೆ

ಈ ಕಚೇರಿಯ ಮೂವತ್ತೊಂದು ಸಿಬ್ಬಂದಿಯ ಪೈಕಿ ಹತ್ತೊಂಬತ್ತು ಮಂದಿಗೆ ಸಕ್ಕರೆ ಕಾಯಿಲೆ ಇರುವುದು ಉಲ್ಲೇಖ (ಅ)ರಂತೆ ದೃಢಪಟ್ಟಿರುತ್ತದೆ. ಉಳಿದ ಹನ್ನೆರಡು ಮಂದಿ ತಪಾಸಣೆಯ ದಿನ ರಜೆಯಲ್ಲಿದ್ದರು.

ವರದಿ ಬಂದ ಮರುದಿನವೇ ಕ್ಯಾಂಟೀನ್ ನಡೆಸುವ ಹೆಂಗಸು (ತಮಗಿಂತ ಹತ್ತು ವರ್ಷ ದೊಡ್ಡವರಿಂದಲೂ 'ಚಿಕ್ಕಮ್ಮ' ಎಂದು ಕರೆಸಿಕೊಳ್ಳುವವರು, ಇಲ್ಲಿಯೂ ಹಾಗೆಯೇ ಕರೆಯಲಾಗಿದೆ) ಯಾವ ಆದೇಶಕ್ಕೂ ಕಾಯದೆ, ಯಾವ ಸಮಿತಿಯನ್ನೂ ರಚಿಸದೆ, ಮೈದಾ ಡಬ್ಬಿಯನ್ನು ಅಟ್ಟಕ್ಕೇರಿಸಿ ಬಾದಾಮಿ ಹಿಟ್ಟಿನ ಕ್ರೇಪ್ ಹುಯ್ಯಲು ಆರಂಭಿಸಿರುತ್ತಾರೆ. ಈ ರೀತಿ ತಾವಾಗಿಯೇ ಕೆಲಸ ಮಾಡುವುದು ಈ ಕಚೇರಿಯ ಪದ್ಧತಿಯಲ್ಲದಿದ್ದರೂ ಯಾರೂ ಆಕ್ಷೇಪಿಸಲಿಲ್ಲ. ಎಲ್ಲರ ಬಾಯಿಯೂ ತುಂಬಿತ್ತು.

ಮೂರು ತಿಂಗಳ ನಂತರ ರಕ್ತವನ್ನು ಮತ್ತೆ ಪರೀಕ್ಷಿಸಲಾಗಿ, ಹದಿನೆಂಟು ಮಂದಿಯ ಸಕ್ಕರೆ ಇಳಿದಿದ್ದು, ಒಬ್ಬರದು ಮಾತ್ರ ಏರಿರುತ್ತದೆ. ಆ ಒಬ್ಬರು ಯಾರೆಂಬುದನ್ನು ಗೋಪ್ಯವಾಗಿಡುವಂತೆ ಮುಖ್ಯಸ್ಥರು ಸೂಚಿಸಿದ್ದರಿಂದ ಅದು ಮುಖ್ಯಸ್ಥರೇ ಎಂದು ತಿಳಿದುಬಂತು. ಎಡಗಣ್ಣಿನ ಹಿಂದೆ ಸಣ್ಣಗೆ ರಕ್ತ ಒಸರುತ್ತಿದೆ, ಸಕ್ಕರೆ ಹೀಗೇ ಏರುತ್ತಾ ಹೋದರೆ ಆ ಕಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದು ಕಣ್ಣಿನ ಡಾಕ್ಟರು ಅವರಿಗೆ ತಿಳಿಸಿರುತ್ತಾರೆ. ಮುಖ್ಯಸ್ಥರು ಹೆದರಿದರು. ಹೆದರಿದ ಅಧಿಕಾರಿ ಮಾಡುವುದನ್ನೇ ಮಾಡಿದರು, ಅಂದರೆ ತಮ್ಮ ಕೈಕೆಳಗೆ ಯಾರಿದ್ದಾರೆಂದು ನೋಡಿದರು. ಕ್ರೇಪ್‌ನಲ್ಲಿ ಕದ್ದು ಸಕ್ಕರೆ ಬೆರೆಸಿರುವ ಶಂಕೆಯ ಮೇಲೆ ಚಿಕ್ಕಮ್ಮನವರ ಕಾವಲಿಯನ್ನು ಜಪ್ತಿ ಮಾಡಿ, ಹಿಡಿಗೆ ದಾರ ಸುತ್ತಿ, ಅರಗಿನ ಮುದ್ರೆ ಒತ್ತಿ, ದಾಖಲೆ ಕೊಠಡಿಯಲ್ಲಿ ಇರಿಸಲಾಯಿತು. ಶಂಕೆ ಸಾಬೀತಾದರೆ ಕ್ಯಾಂಟೀನನ್ನು ಅವರಿಂದ ಬಿಡಿಸುವುದಾಗಿಯೂ ತಿಳಿಸಲಾಯಿತು. ವಿಚಾರಣಾಧಿಕಾರಿಯಾಗಿ ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕಿಯನ್ನು ನೇಮಿಸಲಾಯಿತು.

ವಿಚಾರಣೆಯ ಸಾರಾಂಶ

ಅಟ್ಟದ ಮೈದಾ ಡಬ್ಬಿಯನ್ನು ಇಳಿಸಿ ನೋಡಲಾಗಿ ಅದರ ಮೇಲೆ ಮೂರು ತಿಂಗಳ ಧೂಳು ಹಾಗೆಯೇ ಇತ್ತು. ಸಕ್ಕರೆ ಡಬ್ಬಿಯಲ್ಲಿ ಗುಂಡುಸೂಜಿಗಳಿದ್ದವು. ಹದಿನೆಂಟು ಮಂದಿಗೆ ಇಳಿಸಿದ ಹಿಟ್ಟು ಒಬ್ಬರಿಗೆ ಮಾತ್ರ ಏರಿಸಿದ್ದು ಹೇಗೆಂದು ಪರಿಶೀಲಿಸಿದಾಗ ಒಂದು ವ್ಯತ್ಯಾಸ ಕಂಡುಬಂತು. ಹದಿನೆಂಟು ಮಂದಿ ಕ್ಯಾಂಟೀನಿಗೆ ಇಳಿದು, ಕಾವಲಿಯಿಂದ ತಟ್ಟೆಗೆ ಬಿದ್ದದ್ದನ್ನು ಬಿಸಿಬಿಸಿಯಾಗಿ ತಿನ್ನುತ್ತಾರೆ. ಮುಖ್ಯಸ್ಥರದು ಮಾತ್ರ ಮೂರನೇ ಮಹಡಿಗೆ ಹೋಗುತ್ತದೆ. ಹೂರಣ ಚೆಲ್ಲದಿರಲೆಂದು ಚಿಕ್ಕಮ್ಮನವರು ಅದನ್ನು ನಾಲ್ಕಾಗಿ ಮಡಿಸಿ ಕಳುಹಿಸುತ್ತಿದ್ದರು. ಈ ಕಚೇರಿಯಲ್ಲಾದರೋ, ನಾಲ್ಕಾಗಿ ಮಡಿಸಿದ್ದೆಲ್ಲವೂ ಟಪಾಲು. ಟಪಾಲು ಸೂಕ್ತ ಮಾರ್ಗದ ಮೂಲಕವೇ ಮೇಲಕ್ಕೆ ಹೋಗಬೇಕು.

ಟಪಾಲು ಗುಮಾಸ್ತರ ಹೇಳಿಕೆ, ಇದ್ದ ಹಾಗೆಯೇ:

"ಮಡಿಸಿದ್ದು ಕಂಡ್ರೆ ಕೈ ತಾನಾಗೇ ಸೀಲಿಗೆ ಹೋಗುತ್ತೆ ಮೇಡಮ್, ಇಪ್ಪತ್ತಾರು ವರ್ಷದ ಅಭ್ಯಾಸ. ಮೊದಲನೇ ದಿನ ಹಂಗೇ ಒತ್ಬಿಟ್ಟೆ. ಮಸಿ ಹತ್ತಿದ್ದನ್ನ ಸಾಹೇಬ್ರಿಗೆ ಕೊಡೋಕಾಗುತ್ತಾ? ಅದಕ್ಕೆ ಆ ಎಡತುದಿ ನಾನೇ ತಿಂದೆ. ಮಾರನೇ ದಿನದಿಂದ ಸೀಲು ಹಾಕೋದು ಬಿಟ್ಟೆ. ತಿನ್ನೋದು ಬಿಡೋಕಾಗ್ಲಿಲ್ಲ."

ಮೊದಲನೇ ಮಹಡಿಯ ವಿಭಾಗಾಧಿಕಾರಿಯವರ ಹೇಳಿಕೆ:

"ಒಳಗೆ ಖಾರ ಇದೆಯಾ, ಸಿಹಿ ಇದೆಯಾ ಅಂತ ನೋಡ್ದೆ ಮೇಲಕ್ಕೆ ಕಳಿಸಿದ್ರೆ ನಾಳೆ ನನ್ನನ್ನೇ ಕೇಳ್ತಾರೆ. ನಾನು ಪರಿಶೀಲನೆ ಮಾಡಿದೆ, ಅಷ್ಟೇ. ಬಲತುದಿ ಮಾತ್ರ. ಬರೀ ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ ಮೇಡಮ್."

ಎಡತುದಿ ಮತ್ತು ಬಲತುದಿ ಹೋದ ಮೇಲೆ, ಕಮಾನಿನಂತೆ ಬಾಗಿದ ಹೊರ ಅಂಚಿನ ನಡುಭಾಗವನ್ನೂ ಯಾರೋ ಕಚ್ಚುತ್ತಿದ್ದದ್ದು ತಿಳಿದುಬಂದಿರುತ್ತದೆ. ಹೂರಣ ಹೆಚ್ಚಾಗಿ ಸೇರಿಕೊಳ್ಳುವುದೂ ಅಲ್ಲಿಯೇ. ಈ ಕೃತ್ಯವು ವಿಭಾಗಾಧಿಕಾರಿಯವರ ಮೇಜಿಗೂ ಮುಖ್ಯಸ್ಥರ ಮೇಜಿಗೂ ನಡುವೆ ನಡೆದಿದೆ. ಆ ದಾರಿಯಲ್ಲಿ ವಿಚಾರಣಾಧಿಕಾರಿಯ ಮೇಜು ಬಿಟ್ಟರೆ ಬೇರೆ ಮೇಜಿಲ್ಲವಾದ್ದರಿಂದ, ಹೊರಗಿನ ಅಪರಿಚಿತರ ಕೈವಾಡವನ್ನು ಶಂಕಿಸಲಾಗಿದೆ. ಮೂರು ದಿನ ಹುಡುಕಿದರೂ ಅಪರಿಚಿತರು ಸಿಕ್ಕಿರುವುದಿಲ್ಲ. ವಿಚಾರಣಾಧಿಕಾರಿಯು ಕನ್ನಡಿ ಇರುವ ಕಡೆ ಹುಡುಕಲಿಲ್ಲ.

ಮುಖ್ಯಸ್ಥರ ಕಾರಿನ ಡ್ರೈವರ್ ಅವರ ಹೇಳಿಕೆಯನ್ನು ಮುಖ್ಯಸ್ಥರ ಸೂಚನೆಯಂತೆ ಈ ಸುತ್ತೋಲೆಯಿಂದ ತೆಗೆದುಹಾಕಲಾಗಿದೆ. ತೆಗೆದುಹಾಕಿದ ಭಾಗವು ಯಾವುದೆಂದು ಎಲ್ಲರಿಗೂ ಗೊತ್ತಿರಲೆಂದು ಕೆಳಗೆ ಕೊಡಲಾಗಿದೆ:

"ಐದೂಕಾಲಕ್ಕೆ ಬೇಕರಿ ಹತ್ರ ನಿಲ್ಸು ಅಂತಾರೆ. ದಿನಾ ಮೂರು ಕ್ರೀಮ್ ಬನ್ನು. ಎರಡು ಅಲ್ಲೇ ನಿಂತ್ಕೊಂಡು, ಒಂದು ಕಾರಲ್ಲಿ. ಆಮೇಲೆ ಕನ್ನಡಿ ತಿರುಗಿಸ್ಕೊಂಡು ಮೀಸೆ ಒರೆಸ್ಕೋತಾರೆ. ಒಂದಿನ ಕೇಳೇ ಬಿಟ್ಟೆ, ಯಾಕ್ ಸಾರ್ ಅಂತ. 'ಹೊಟ್ಟೆ ಚುರುಚುರು ಅನ್ನುತ್ತಪ್ಪ. ಮಧ್ಯಾಹ್ನ ಅಂಚೆಚೀಟಿಯಷ್ಟು ಬರುತ್ತೆ. ಪಥ್ಯ ಅಂದ್ರೆ ಅಷ್ಟೇ ಇರ್ಬೇಕೇನೋ, ಚಿಕ್ಕಮ್ಮ ತಿಳಿದೋಳು, ಕೇಳೋದು ಹೆಂಗೆ?' ಅಂದ್ರು."

ಮೂರು ತಿಂಗಳು ಮನುಷ್ಯ ಅಂಚೆಚೀಟಿಯಷ್ಟನ್ನು ತಿಂದು, ಇದೇ ಔಷಧವೆಂದು ನಂಬಿ, ಯಾರನ್ನೂ ಒಂದು ಮಾತು ಕೇಳದೆ ಕುಳಿತಿದ್ದರು. ಈ ವಾಕ್ಯವನ್ನು ಬರೆಯುವಾಗ ವಿಚಾರಣಾಧಿಕಾರಿಗೆ ನಾಚಿಕೆಯಾಯಿತೆಂದು ಕಡತದಲ್ಲಿ ದಾಖಲಿಸಲಾಗಿದೆ.

ಕೊನೆಯದಾಗಿ ಚಿಕ್ಕಮ್ಮನವರ ಹೇಳಿಕೆ:

"ನಾನು ಎರಡು ಅಂಗೈ ಅಗಲ ಹುಯ್ದು ಕಳಿಸ್ತಿದ್ದೆ. ಅವರದಕ್ಕೆ ಅಣಬೆ ಒಂದ್ ಹಿಡಿ ಜಾಸ್ತಿನೇ. ತಟ್ಟೆ ಖಾಲಿಯಾಗಿ ಬರೋದು, ಪರವಾಗಿಲ್ಲ, ರುಚಿ ಹತ್ತಿದೆ ಅಂದ್ಕೊಂಡೆ. ಕಾವಲಿ ಇಟ್ಕೊಳ್ಳಿ, ಇನ್ನೊಂದು ತರ್ತೀನಿ. ಆದ್ರೆ ನನ್ನ ಕೈ ಅಡುಗೆಯಿಂದ ಒಬ್ಬರ ಕಣ್ಣು ಹೋಗ್ತಾ ಇದೆ ಅಂದ್ಬಿಟ್ರಲ್ಲ, ಅದನ್ನ ಯಾರು ವಾಪಸ್ ತಗೋತಾರೆ ಹೇಳಿ?"

ಆದೇಶ

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಗಣಿಸಿ, ಚಿಕ್ಕಮ್ಮನವರು ಸಂಪೂರ್ಣ ನಿರ್ದೋಷಿಯೆಂದು ತೀರ್ಮಾನಿಸಿ, ಎಲ್ಲರ ಪಾಲನೆಗಾಗಿ ಈ ಮುಂದಿನಂತೆ ಆದೇಶಿಸಲಾಗಿದೆ:

1. ಕಾವಲಿಯನ್ನು ಇಂದೇ ಬಿಡುಗಡೆ ಮಾಡತಕ್ಕದ್ದು. ಅರಗನ್ನು ಮರದ ಸೌಟಿನಿಂದ ಕೆರೆದು ತೆಗೆಯಬೇಕು. ಕಾಯಿಸಿ ಕರಗಿಸುವಂತಿಲ್ಲ. ನಿನ್ನೆ ಜವಾನರು ಹಾಗೆ ಪ್ರಯತ್ನಿಸಿದ್ದರಿಂದ ದಾಖಲೆ ಕೊಠಡಿಯನ್ನು ಅರ್ಧ ದಿನ ತೆರವುಗೊಳಿಸಬೇಕಾಯಿತು.

2. ಎರಡು ಮೊಟ್ಟೆ, ಮೂರು ಚಮಚ ಕ್ರೀಮ್ ಚೀಸ್, ನಾಲ್ಕು ಚಮಚ ಬಾದಾಮಿ ಹಿಟ್ಟು, ಅರ್ಧ ಚಮಚ ಇಸಬ್ಗೋಲು ಮತ್ತು ಚಿಟಿಕೆ ಉಪ್ಪನ್ನು ಗಂಟಿಲ್ಲದಂತೆ ಕಡೆದು, ಕಲಸಿದ ಹಿಟ್ಟಿಗೆ ಹತ್ತು ನಿಮಿಷಗಳ ವಿಶ್ರಾಂತಿಯನ್ನು ಮಂಜೂರು ಮಾಡಲಾಗಿದೆ. ಇದನ್ನು ಪೂರ್ವನಿದರ್ಶನವೆಂದು ತೋರಿಸಿ ಸಿಬ್ಬಂದಿ ವಿಶ್ರಾಂತಿ ಕೋರುವಂತಿಲ್ಲ. ಹಿಟ್ಟು ಅದಕ್ಕೂ ಮುಂಚೆ ಕೆಲಸ ಮಾಡಿರುತ್ತದೆ.

3. ಕಾವಲಿಯ ಮೇಲೆ ತೆಳ್ಳಗೆ ಹರಡಿ, ಅಂಚು ತಾನಾಗಿ ಮೇಲೇಳುವವರೆಗೆ ಕಾಯತಕ್ಕದ್ದು. ಬಾದಾಮಿ ಹಿಟ್ಟಿಗೆ ಮೈದಾದ ಜಿಗುಟಿಲ್ಲ. ಅವಸರಪಟ್ಟು ಮಗುಚಿದರೆ ಚಿಂದಿಯಾಗುತ್ತದೆ. ಮೊದಲನೆಯದು ಹೇಗಿದ್ದರೂ ಹರಿಯುತ್ತದೆ. ಅದನ್ನು 'ಕರಡು ಪ್ರತಿ' ಎಂದು ಪರಿಗಣಿಸಿ, ಯಾರಿಂದಲೂ ವಿವರಣೆ ಕೇಳದೆ, ಹುಯ್ದವರೇ ತಿನ್ನಬಹುದು. ಕರಡಿನ ಆಸೆಗೆ ಬೇಕೆಂದೇ ಹರಿಯುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

4. ಖಾರದ ಹೂರಣ: ಬಾಡಿಸಿದ ಪಾಲಕ್, ಅಣಬೆ, ತುರಿದ ಚೀಸ್, ಕಾಳುಮೆಣಸು. ಅಣಬೆಯ ನೀರು ಪೂರ್ತಿ ಇಂಗಿರಬೇಕು. ಆಲೂಗಡ್ಡೆಯನ್ನು ಸೇರಿಸಬೇಕೆಂದು ಲೆಕ್ಕಪತ್ರ ವಿಭಾಗವು ಏಳು ಬಾರಿ ಬರೆದುಕೊಂಡಿದೆ. ಏಳೂ ಬಾರಿ ತಿರಸ್ಕರಿಸಲಾಗಿದೆ. ಎಂಟನೆಯದನ್ನು ಈಗಲೇ ತಿರಸ್ಕರಿಸಲಾಗಿದೆ.

5. ಸಿಹಿ ಹೂರಣ: ಗಟ್ಟಿ ಮೊಸರು, ಹೆಚ್ಚಿದ ಸ್ಟ್ರಾಬೆರಿ, ಚಕ್ಕೆ ಪುಡಿ. ಸಿಹಿಯೆಂದರೆ ಹಣ್ಣಿನಲ್ಲಿ ಎಷ್ಟಿದೆಯೋ ಅಷ್ಟೇ. ಜೇನುತುಪ್ಪ ಸಕ್ಕರೆಯಲ್ಲ, ಔಷಧ ಎಂಬ ವಾದವನ್ನು ಈ ಕಚೇರಿ ಒಪ್ಪುವುದಿಲ್ಲ. ಹಾಗೆ ವಾದಿಸುವವರ ಮೇಜಿನ ಖಾನೆಯನ್ನು ಮುನ್ಸೂಚನೆಯಿಲ್ಲದೆ ತೆರೆದು ನೋಡಲಾಗುವುದು.

6. ಇನ್ನು ಮುಂದೆ ಯಾವುದೇ ಕ್ರೇಪ್ ಅನ್ನು ನಾಲ್ಕಾಗಿ ಮಡಿಸತಕ್ಕದ್ದಲ್ಲ. ಸುರುಳಿ ಸುತ್ತುವ ಪ್ರಸ್ತಾವವನ್ನು ಪರಿಶೀಲಿಸಲಾಯಿತು. ಆದರೆ ಸುರುಳಿ ಸುತ್ತಿದ್ದೆಲ್ಲವೂ ತಮ್ಮದೆಂದು ನಕ್ಷೆ ವಿಭಾಗದವರು ಆಗಲೇ ಕೈ ತೊಳೆದು ಕುಳಿತಿರುವುದರಿಂದ ಕೈಬಿಡಲಾಯಿತು. ಮೂರಾಗಿ ಮಡಿಸುವುದನ್ನು ತಾತ್ಕಾಲಿಕವಾಗಿ ಅನುಮೋದಿಸಲಾಗಿದೆ. ಮೂರಾಗಿ ಮಡಿಸಿದ್ದು ಈ ಕಚೇರಿಯ ಯಾವ ನಿಯಮದಡಿಯಲ್ಲೂ ಏನೂ ಅಲ್ಲ.

7. ಕ್ರೇಪ್ ಅನ್ನು 'ಸೂಕ್ತ ಮಾರ್ಗ'ದಿಂದ ಹೊರಗಿಡಲಾಗಿದೆ. ಈ ಕಚೇರಿ ಆರಂಭವಾದಾಗಿನಿಂದ ಒಂದು ವಸ್ತು ನೇರವಾಗಿ ತಲುಪಬೇಕಾದವರನ್ನು ತಲುಪುತ್ತಿರುವುದು ಇದೇ ಮೊದಲು. ಆದ್ದರಿಂದ ಆರಂಭದಲ್ಲಿ ಕೆಲವರಿಗೆ ತಲೆಸುತ್ತು ಬರಬಹುದು.

8. ಮುಖ್ಯಸ್ಥರು ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಖುದ್ದು ಕೆಳಗಿಳಿದು, ತಟ್ಟೆ ಹಿಡಿದು, ಸಾಲಿನಲ್ಲಿ ನಿಂತು, ಕಾವಲಿಯಿಂದ ನೇರವಾಗಿ ಪಡೆದು, ಅಲ್ಲಿಯೇ ಕುಳಿತು ಹೊಟ್ಟೆ ತುಂಬ ತಿನ್ನತಕ್ಕದ್ದು. ಸಾಕೆಂದು ಹೇಳುವ ಅಧಿಕಾರ ಚಿಕ್ಕಮ್ಮನವರಿಗೆ ಮಾತ್ರ ಇರುತ್ತದೆ.

9. ಸಂಜೆ ಕಾರು ಹಿಂದಿನ ಬೀದಿಯಿಂದ ಹೋಗಬೇಕು. ರಸ್ತೆ ಅಗೆದಿದ್ದು ಬೇಕರಿಯ ಮುಂದೆಯೇ ಹೋಗಬೇಕಾಗಿ ಬಂದಲ್ಲಿ, ಎಡಗಣ್ಣನ್ನು ಉಳಿಸಿಕೊಳ್ಳುವ ಸಲುವಾಗಿ ಮುಖ್ಯಸ್ಥರು ಎರಡೂ ಕಣ್ಣುಗಳನ್ನು ಮುಚ್ಚಿಕೊಂಡಿರತಕ್ಕದ್ದು. ಡ್ರೈವರ್‌ಗೆ ಈ ನಿಯಮ ಅನ್ವಯಿಸುವುದಿಲ್ಲ.

10. ಕ್ಯಾಂಟೀನಿನಲ್ಲಿ ಮುಂದುವರಿಯಲು ಚಿಕ್ಕಮ್ಮನವರು ಒಂದು ಷರತ್ತು ಹಾಕಿರುತ್ತಾರೆ. ಕಚ್ಚಿದವರೆಲ್ಲರೂ ಅವರ ಮುಂದೆ ನಿಂತು, ಯಾವ ಭಾಗವನ್ನು ಕಚ್ಚಿದೆವೆಂದು ತಮ್ಮ ಬಾಯಿಂದಲೇ ಹೇಳಬೇಕು. ಒಬ್ಬರು ಕಡಿಮೆಯಾದರೂ ಕಾವಲಿಯನ್ನು ಮುಟ್ಟುವುದಿಲ್ಲವಂತೆ. ಲಿಖಿತ ಕ್ಷಮಾಪಣೆ ನಡೆಯದು. "ಕಾಗದ ಬೇಡ, ಕಾಗದದಿಂದಲೇ ಇಷ್ಟೆಲ್ಲಾ ಆಗಿದ್ದು" ಎಂದು ಅವರು ತಿಳಿಸಿರುತ್ತಾರೆ. ಟಪಾಲು ಗುಮಾಸ್ತರು ಮತ್ತು ವಿಭಾಗಾಧಿಕಾರಿಯವರು ನಿನ್ನೆಯೇ ಹೋಗಿ ಹೇಳಿ, ತಲಾ ಒಂದು ಗಂಟೆ ಬೈಸಿಕೊಂಡು ಬಂದಿದ್ದಾರೆ. ಮುಖ್ಯಸ್ಥರು ಇಂದು ಬೆಳಿಗ್ಗೆ ಹೋಗಿ, ಆಡಿದ ಮಾತನ್ನು ಎಲ್ಲರೆದುರು ವಾಪಸ್ ತೆಗೆದುಕೊಂಡಿದ್ದಾರೆ. ಈಗ ಅಪರಿಚಿತರು ಒಬ್ಬರೇ ಬಾಕಿ ಇರುವುದರಿಂದ ಹದಿನೆಂಟು ಮಂದಿ ಸಿಬ್ಬಂದಿ ಮತ್ತು ಒಬ್ಬ ಮುಖ್ಯಸ್ಥರು ಖಾಲಿ ತಟ್ಟೆ ಹಿಡಿದು ಕಾಯುತ್ತಿದ್ದಾರೆ.

ಸಹಿ/-
ಕಚೇರಿ ಅಧೀಕ್ಷಕಿ ಹಾಗೂ ವಿಚಾರಣಾಧಿಕಾರಿ
(ಕಮಾನಿನ ನಡುಭಾಗ)

ಮುಖ್ಯಸ್ಥರ ಷರಾ, ಹಸಿರು ಶಾಯಿಯಲ್ಲಿ: "ನೋಡಿದೆ. ನನಗೂ ಅನುಮಾನ ಇತ್ತು. ಬೇಗ ಹೋಗಿ ಬನ್ನಿ ಮೇಡಮ್, ಹಸಿವಾಗ್ತಿದೆ."

ಪ್ರತಿಗಳು:

1. ಟಪಾಲು ಗುಮಾಸ್ತರಿಗೆ. ಈ ಪ್ರತಿಯನ್ನು ಮೂರಾಗಿ ಮಡಿಸಲಾಗಿದೆ. ತಿನ್ನತಕ್ಕದ್ದಲ್ಲ.

2. ಮೊದಲನೇ ಮಹಡಿಯ ವಿಭಾಗಾಧಿಕಾರಿಯವರಿಗೆ, ಪರಿಶೀಲನೆಗಾಗಿ. ಕಣ್ಣಿನಿಂದ.

3. ಲೆಕ್ಕಪತ್ರ ವಿಭಾಗಕ್ಕೆ, ಆಲೂಗಡ್ಡೆಯ ಎಂಟನೇ ಮನವಿಯನ್ನು ಲಗತ್ತಿಸಿ ಹಿಂದಿರುಗಿಸಲಾಗಿದೆ.

4. ನಕ್ಷೆ ವಿಭಾಗಕ್ಕೆ, ಸಂತಾಪಗಳೊಂದಿಗೆ.

5. ಕಣ್ಣಿನ ಡಾಕ್ಟರಿಗೆ, ಮಾಹಿತಿಗಾಗಿ. ಮುಂದಿನ ಪರೀಕ್ಷೆಯ ಫಲಿತಾಂಶವನ್ನು ಸೀಲು ಮಾಡುವ ಶ್ರಮ ತೆಗೆದುಕೊಳ್ಳುವ ಅಗತ್ಯವಿಲ್ಲ.

6. ಬೇಕರಿಯವರಿಗೆ. ಐದೂಕಾಲಕ್ಕೆ ಎತ್ತಿಡುವ ಮೂರು ಬನ್‌ಗಳನ್ನು ಇನ್ನು ಬೇರೆಯವರಿಗೆ ಕೊಡಬಹುದು.

7. ಕ್ಯಾಂಟೀನಿನ ಚಿಕ್ಕಮ್ಮನವರಿಗೆ, ಕಾವಲಿ ಸಹಿತ. ಈ ಪ್ರತಿಯನ್ನು ಟಪಾಲಿಗೆ ಹಾಕದೆ, ಸಹಿ ಮಾಡಿದವರೇ ಕಾವಲಿಯನ್ನು ಹಿಡಿದುಕೊಂಡು, ಲಿಫ್ಟ್ ಬಳಸದೆ, ಎಲ್ಲರೂ ನೋಡುತ್ತಿರುವಂತೆ ಮೆಟ್ಟಿಲಿಳಿದು ತಲುಪಿಸುವುದು. ಹೇಳಬೇಕಾದದ್ದನ್ನು ಹೇಳಿ, ಬೈಸಿಕೊಳ್ಳಬೇಕಾದಷ್ಟು ಬೈಸಿಕೊಂಡ ನಂತರ, ಮೂರು ತಿಂಗಳಿನಿಂದ ಯಾರಿಗೂ ಹೇಳಲಾಗದೆ ಉಳಿದಿದ್ದ ಇನ್ನೊಂದು ಮಾತನ್ನೂ ಅವರಿಗೆ ತಿಳಿಸುವುದು: ನಡುಭಾಗ ಬಹಳ ಚೆನ್ನಾಗಿರುತ್ತಿತ್ತು.