ಇನ್ನೂರ ಹದಿನಾಲ್ಕನೆಯ ಹೊಟ್ಟೆ

ಗುಮಾಸ್ತ ಅಂಗಿಯ ತೋಳಿನಿಂದ ಉಜ್ಜಿದಷ್ಟೂ ಹಾಳೆಯ ಮೇಲೆ ಎಣ್ಣೆ ಹರಡಿತು. 'ಸೊಪ್ಪು, ತರಕಾರಿ' ಎಂಬ ಸಾಲನ್ನು ನುಂಗಿ, ಕರೆಯದೆ ಬಂದ ನೆಂಟನಂತೆ 'ಕರಿದ ತಿಂಡಿ'ಯ ಸಾಲಿಗೂ ಕಾಲು ಚಾಚಿತು. ಇನ್ನೊಮ್ಮೆ ಉಜ್ಜಿದ. ಹಾಳೆ ಹರಿಯಿತು.

"ಏನ್ರೀ, ಮತ್ತೆ ಚಿಪ್ಸಾ?" ಪಕ್ಕದ ಮೇಜಿನಿಂದ ಲ್ಯಾಬ್ ಮೇಡಂ ಮೂಗೆಳೆದರು.

"ಇಲ್ಲ ಮೇಡಂ, ಗೋಂದು," ಎಂದು ಗುಮಾಸ್ತ ಪೊಟ್ಟಣವನ್ನು ಡ್ರಾಯರಿಗೆ ತಳ್ಳಿದ.

ತಿನ್ನುವುದಕ್ಕೂ ಕ್ಯಾನ್ಸರಿಗೂ ಏನು ನಂಟು ಎಂದು ಹುಡುಕುವ ಸಂಸ್ಥೆ ಅದು. ಆರುನೂರು ಜನ ವರ್ಷಕ್ಕೊಮ್ಮೆ ಪರೀಕ್ಷೆಗೆ ರಕ್ತ ಕೊಟ್ಟು, ಏನು ತಿನ್ನುತ್ತೇವೆಂದು ಬರೆದು ಕಳಿಸುತ್ತಾರೆ. ಅದನ್ನು ಕಂಪ್ಯೂಟರಿಗೆ ತುಂಬುವುದು ಗುಮಾಸ್ತನ ಕೆಲಸ. ಮೂರು ವರ್ಷದ ಹಿಂದೆ ಮನೆಮನೆ ಸುತ್ತಿ ಆ ಆರುನೂರು ಜನರನ್ನು ಇದಕ್ಕೆ ಒಪ್ಪಿಸಿದವನೂ ಅವನೇ. ಹೋದಲ್ಲೆಲ್ಲ, ಯಾರೂ ಕೇಳದಿದ್ದರೂ, ಕರಿದದ್ದು ಬಿಡಿ ಎಂದು ಉಪದೇಶ ಮಾಡಿ ಬಂದಿದ್ದ. ನಾಳೆಗೆ ಅವನ ಗುತ್ತಿಗೆ ಮುಗಿಯುತ್ತದೆ. ಮುಂದುವರಿಸುವ ಕಾಗದ ನಿರ್ದೇಶಕರ ಮೇಜಿನ ಮೇಲೆ ಸಹಿಗೆ ಕಾದು ಕೂತಿದೆ.

ಹರಿದದ್ದು ಇನ್ನೂರ ಹದಿನಾಲ್ಕನೆಯವರ ಹಾಳೆ. ಆರುನೂರರಲ್ಲಿ ಒಂದು ಹೊಟ್ಟೆ ಯಾರ ಕಣ್ಣಿಗೆ ಬೀಳುತ್ತದೆ? ಅವನು ಬಾಯಿಗೆ ಬಂದದ್ದನ್ನು ತುಂಬಿದ. ಬಾಯಿಗೆ ಬಂದದ್ದು ಅವನದೇ ಊಟ: ಚಿಪ್ಸ್ ದಿನಕ್ಕೆ ಎರಡು ಪೊಟ್ಟಣ, ಚಹಾ ಆರು ಲೋಟ, ಸೊಪ್ಪು ಇಲ್ಲ, ಹಣ್ಣು ಜ್ವರ ಬಂದಾಗ ಮಾತ್ರ.

ಹನ್ನೆರಡಕ್ಕೆ ನಿರ್ದೇಶಕರ ಕೋಣೆಯಿಂದ ಕೂಗು ಕೇಳಿತು.

"ಈ ಇನ್ನೂರ ಹದಿನಾಲ್ಕನೆಯವರು ಎಂಬತ್ತೆರಡು ವರ್ಷದ ಹೆಂಗಸು! ರಕ್ತ ನೋಡಿದ್ರೆ ಇಪ್ಪತ್ತರ ಹುಡುಗಿ! ತಿನ್ನೋದು ಬರೀ ಚಿಪ್ಸ್!"

ಲೆಕ್ಕ ನೋಡುವವರು ಕನ್ನಡಕ ಸರಿಪಡಿಸಿಕೊಂಡರು. ಎಲ್ಲಕ್ಕೂ ಸರಾಸರಿ ತೆಗೆಯುವುದರಿಂದ ಅವರಿಗೆ ಸರಾಸರಿ ಸಾರ್ ಎಂದೇ ಹೆಸರು. "ಒಬ್ಬರನ್ನ ನೋಡಿ ಏನೂ ಹೇಳೋಕಾಗಲ್ಲ ಸಾರ್. ಆರುನೂರರ ಸರಾಸರಿ..."

"ಸರಾಸರಿನ ಯಾವ ಪೇಪರ್‌ನವರು ಮುಖಪುಟಕ್ಕೆ ಹಾಕ್ತಾರ್ರೀ? ಈ ಅಜ್ಜಿನ ಹಾಕ್ತಾರೆ. ಮೂರು ಗಂಟೆಗೆ ಪತ್ರಕರ್ತರನ್ನ ಕರೀರಿ. ಮೇಡಂ, ನೀವು ಕಾರು ತಗೊಂಡ್ ಹೋಗಿ ಅವರನ್ನ ಕರ್ಕೊಂಡ್ ಬನ್ನಿ." ಆಮೇಲೆ ಗುಮಾಸ್ತನ ಬೆನ್ನು ತಟ್ಟಿದರು. "ಇಂಥ ರತ್ನ ಹುಡುಕಿದ್ದೀಯಲ್ಲಯ್ಯ! ಕಾರ್ಯಕ್ರಮ ಮುಗೀಲಿ, ನಿನ್ನ ಕಾಗದಕ್ಕೆ ಅಲ್ಲೇ ಸಹಿ."

ನಿಜ ಹೇಳೋಣವೆಂದು ಗುಮಾಸ್ತ ಮೂರು ಸಲ ನಿರ್ದೇಶಕರ ಬಾಗಿಲಿನವರೆಗೆ ಹೋದ, ಮೂರು ಸಲವೂ ನೀರು ಕುಡಿದು ಬಂದ.

ಮೂರಕ್ಕೆ ಅಜ್ಜಿ ಕಾರಿನಿಂದ ಇಳಿದರು, ಕೈಲಿದ್ದ ಬೆತ್ತದ ಕೋಲಿನಷ್ಟೇ ನೆಟ್ಟಗೆ. ಗುಮಾಸ್ತ ಮೆಟ್ಟಿಲಲ್ಲೇ ಕೈಮುಗಿದ.

"ಅಜ್ಜಿ, ಒಳಗೆ ಏನು ಕೊಟ್ರೂ ಒಂಚೂರು ಬಾಯಿಗೆ ಹಾಕ್ಕೊಳ್ಳಿ. ನನ್ನ ಅನ್ನ ನಿಮ್ಮ ಕೈಲಿದೆ."

"ಅಯ್ಯೋ ಮಗಾ, ಅದಕ್ಕೇನಂತೆ," ಎಂದು ಅವನ ಕೆನ್ನೆ ಸವರಿದರು.

ಬೀಸೋ ದೊಣ್ಣೆ ತಪ್ಪಿತು ಎಂದು ಅವನು ಉಸಿರು ಬಿಟ್ಟ.

ಕ್ಯಾಮೆರಾಗಳು ಸಾಲಾಗಿ ನಿಂತವು. ನಿರ್ದೇಶಕರು ಗೋಪುರದಂತೆ ಚಿಪ್ಸ್ ಪೇರಿಸಿದ ತಟ್ಟೆಯನ್ನು ತಾವೇ ಹಿಡಿದು ಬಗ್ಗಿದರು. "ತಗೊಳ್ಳಿ ಅಮ್ಮಾ. ದಿನಾ ತಿನ್ನೋ ಹಾಗೇನೇ."

ಅಜ್ಜಿ ತಟ್ಟೆಯನ್ನು ನೋಡಿದರು. ಕೈ ಹಿಂದಕ್ಕೆ ಎಳೆದುಕೊಂಡರು.

"ದಿನಾನಾ? ಕರಿದದ್ದು ಮುಟ್ಟಿ ಮೂರು ವರ್ಷ ಆಯ್ತಪ್ಪ. ಈ ನಿಮ್ಮ ಹುಡುಗನೇ ಮನೆಗೆ ಬಂದು, ಇದನ್ನ ತಿಂದ್ರೆ ಕ್ಯಾನ್ಸರ್ ಬರುತ್ತೆ ಅಂತ ಪಾಠ ಹೇಳಿದ್ನಲ್ಲ. 'ನಿಮಗೆ ಬೇಡ' ಅಂತ ನನ್ನ ಡಬ್ಬೀಲಿದ್ದ ಚಿಪ್ಸೆಲ್ಲ ಅವನೇ ತಿಂದು ಖಾಲಿ ಮಾಡಿ ಹೋದ!"

"ಹೇಳೋದು ಆಚಾರ, ತಿನ್ನೋದು ಆಲೂಗಡ್ಡೆ," ಎಂದರು ಲ್ಯಾಬ್ ಮೇಡಂ, ಸಾಕಷ್ಟು ಗಟ್ಟಿಯಾಗಿಯೇ.

ನಿರ್ದೇಶಕರು ಗುಮಾಸ್ತನ ಕಡೆ ತಿರುಗಿದರು. ಅವನು ತಟ್ಟೆಯನ್ನು ಕಸಿದುಕೊಂಡು ಅಜ್ಜಿಯ ಮುಂದೆ ಮಂಡಿಯೂರಿದ.

"ಅಜ್ಜಿ, ದಮ್ಮಯ್ಯ. ಒಂದೇ ಒಂದು. ನಾನೇ ಹೇಳ್ತಿದ್ದೀನಿ, ತಿನ್ನಿ."

"ಅವತ್ತೂ ನೀನೇ ಹೇಳಿದ್ದು," ಅಜ್ಜಿ ಕೋಲಿನಿಂದ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ತಿನ್ನಲ್ಲ."